ಅರಬ್–ಯಹೂದಿ ಜಗಳ: ಜಮೀನು ಕೊಂಡಿದ್ದಾ, ಕಿತ್ಕೊಂಡಿದ್ದಾ?

ಪ್ರಶ್ನೆ_ಮೂಟೆ

2023ರ ಅಕ್ಟೋಬರ್ 7ಕ್ಕೆ ಇಸ್ರೇಲಿನ ಮೇಲೆ ಹಮಾಸ್ ದಾಳಿ ಆದಾಗಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಇದೇ ಜಗಳ. ಚಿಕ್ಕಪ್ಪ ಹೇಳೋದು, "ಯಹೂದಿಗಳು ದುಡ್ಡು ಕೊಟ್ಟು ಜಮೀನು ಕೊಂಡಿದ್ದಾರೆ, ಪತ್ರ ಇದೆ. ಮಾರಿದವರು ಈಗ ಅಳೋದ್ಯಾಕೆ?" ಅಕ್ಕ ಹೇಳೋದು, "1948ರ ಯುದ್ಧದಲ್ಲಿ ಏಳು ಲಕ್ಷ ಅರಬರು ಮನೆ ಬಿಟ್ಟು ಓಡಿದರು, ಅದಕ್ಕೆ ಯಾವ ಪತ್ರ ಇದೆ?" ಕೊನೆಗೆ ಅಜ್ಜ ಬಾಯಿ ಹಾಕಿ, "ಇದು ಎರಡು ಸಾವಿರ ವರ್ಷದ ಧರ್ಮದ ಜಗಳ, ನಿಮ್ಮಿಂದ ಮುಗಿಯಲ್ಲ, ಉಣ್ರೋ" ಅಂತಾರೆ.

ವಿಡಿಯೊ ನೋಡಿದರೆ ಒಬ್ಬೊಬ್ಬರೂ ಒಂದೊಂದು ನಕ್ಷೆ ಹಿಡಿದು ಕಿರುಚುತ್ತಾರೆ. ಓದಿದವರು ಅಥವಾ ಅಲ್ಲಿ ಇದ್ದು ಬಂದವರು ಯಾರಾದರೂ ನಿಧಾನವಾಗಿ ಹೇಳ್ತೀರಾ? ಮೂವರಲ್ಲಿ ಯಾರು ಸರಿ? ಬೈದಾಟ ಮಾತ್ರ ಬೇಡ, ಅದು ಮನೆಯಲ್ಲೇ ಸಿಗುತ್ತೆ.

ಚುಟುಕು

ಮೂವರೂ ತಪ್ಪು. ಎಲ್ಲಾ ಬ್ರಿಟಿಷರು ಮಾಡಿದ್ದು. 1915ರಲ್ಲಿ ಮೆಕ್ಕಾದ ಷರೀಫ್ ಹುಸೇನ್‌ಗೆ ಅರಬ್ ರಾಜ್ಯದ ಆಸೆ ತೋರಿಸಿದರು. 1916ರಲ್ಲಿ ಫ್ರೆಂಚರ ಜೊತೆ ಗುಟ್ಟಾಗಿ ಪಾಲು ಮಾಡಿಕೊಂಡರು. 1917ರ ನವೆಂಬರ್ 2ಕ್ಕೆ ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲೇ ನೆಲೆ ಅಂತ ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್ ಪತ್ರ. ಕಥೆ ಮುಗೀತು.

ಕಾರ್ಮೆಲ್_ಗುಡ್ಡ

ಚುಟುಕು ಅವರೇ, ಅಷ್ಟು ಬೇಗ ಮುಗಿಸಬೇಡಿ. ಬ್ರಿಟಿಷರು ಬರುವ ಮೊದಲೇ ಜಗಳ ಶುರುವಾಗಿತ್ತು.

ನಾನು ಹೈಫಾದಲ್ಲಿ ಏಳು ವರ್ಷ ಹೋಮ್ ನರ್ಸ್ ಆಗಿದ್ದೆ. ಇತಿಹಾಸ ಓದಿದವಳಲ್ಲ. ಆದರೆ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. ಅವರ ಮಗ ವಕೀಲ, ಅದೂ ಆಸ್ತಿ ವ್ಯಾಜ್ಯದ ವಕೀಲ. ಶುಕ್ರವಾರ ರಾತ್ರಿ ಊಟಕ್ಕೆ ಬಂದರೆ ಜಮೀನಿನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅಮ್ಮ ಮಗ ಜಗಳಕ್ಕೆ ಬಿದ್ದರೆ ಹೀಬ್ರೂ ಬಿಟ್ಟು ಅರಬ್ಬಿಗೆ ಇಳಿಯೋರು. ನಾನು ಪಾತ್ರೆ ತೊಳೆಯುತ್ತಾ ಕೇಳಿದ್ದನ್ನೂ ಆಮೇಲೆ ಓದಿ ತಾಳೆ ನೋಡಿದ್ದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಅಜ್ಜನ ಮಾತು. ಎರಡು ಸಾವಿರ ವರ್ಷ ಹಳೆಯದು ಯಹೂದಿಗಳ ಊರಿನ ನೆನಪು. ಈ ಜಗಳ ಅಷ್ಟು ಹಳೆಯದಲ್ಲ. 1517ರಿಂದ ನಾನೂರು ವರ್ಷ ಅಲ್ಲಿ ತುರ್ಕರ ಆಳ್ವಿಕೆ. ಜೆರುಸಲೇಮ್, ಹೆಬ್ರಾನ್, ಸಫೇದ್, ತಿಬೇರಿಯಾಸ್ ಊರುಗಳಲ್ಲಿ ಯಹೂದಿಗಳು ಅರಬರ ನೆರೆಯಲ್ಲೇ ಇದ್ದರು. ಎಲ್ಲವೂ ಸುಖವಾಗಿತ್ತು ಅಂತಲ್ಲ. ಆದರೆ ಈ ನಾಡು ನಿನ್ನದಾ ನನ್ನದಾ ಅನ್ನೋ ಪ್ರಶ್ನೆ ಇರಲಿಲ್ಲ. ಅದು ಎದ್ದಿದ್ದು 1880ರ ನಂತರ. 1881ರಲ್ಲಿ ರಷ್ಯಾದ ಜಾರ್‌ನ ಕೊಲೆಯಾಯಿತು. ಅದರ ಸಿಟ್ಟನ್ನು ಯಹೂದಿಗಳ ಮೇಲೆ ತೀರಿಸಿಕೊಂಡರು. ಹೆಚ್ಚಿನವರು ಅಮೆರಿಕಕ್ಕೆ ಹೋದರು. ಸ್ವಲ್ಪ ಜನ ಮಾತ್ರ ಪ್ಯಾಲೆಸ್ಟೀನಿಗೆ ಬಂದು ಜಮೀನು ಕೊಂಡರು. ರಿಶೋನ್ ಲೆಝಿಯೋನ್ ಶುರುವಾಗಿದ್ದು 1882ರಲ್ಲಿ.

ಈಗ ಚಿಕ್ಕಪ್ಪನ ಪತ್ರಕ್ಕೆ ಬರೋಣ. ಇಸ್ರೇಲಿನಲ್ಲಿ ಇವತ್ತಿಗೂ ಜಮೀನಿನ ನೋಂದಣಿಗೆ "ತಾಬು" ಅಂತಾರೆ. ಮನೆ ಮಾರುವವರನ್ನು ಕೇಳೋ ಮೊದಲ ಪ್ರಶ್ನೆ, "ತಾಬುವಿನಲ್ಲಿ ಇದೆಯಾ?" ಅದು ಹೀಬ್ರೂ ಪದ ಅಲ್ಲ, ತುರ್ಕಿಯ "ತಾಪು". ನನಗೆ ಈ ಪದ ಬಹಳ ಇಷ್ಟ, ಇಡೀ ಜಗಳದ ಬೇರು ಅದರಲ್ಲೇ ಇದೆ.

1858ರಲ್ಲಿ ತುರ್ಕರು ಹೊಸ ಭೂ ಕಾನೂನು ತಂದರು. ಪ್ರತಿಯೊಂದು ಜಮೀನೂ ಒಬ್ಬರ ಹೆಸರಿಗೆ ದಾಖಲಾಗಬೇಕು. ಅಲ್ಲಿಯ ಎಷ್ಟೋ ಹಳ್ಳಿಗಳಲ್ಲಿ ಹೊಲ ಒಬ್ಬರದಾಗಿರಲಿಲ್ಲ. "ಮುಶಾ" ಅಂತ ಪದ್ಧತಿ: ಹೊಲವೆಲ್ಲ ಊರಿನದು, ಒಂದೆರಡು ವರ್ಷಕ್ಕೊಮ್ಮೆ ಮನೆಗಳಿಗೆ ಪಾಲು ಬದಲಾಗುತ್ತೆ. ಇನ್ನು ರೈತನಿಗೆ ಹೆಸರು ಬರೆಸೋಕೆ ಭಯ. ಹೆಸರು ಬರೆಸಿದರೆ ಕಂದಾಯ ಕಟ್ಟಬೇಕು, ಮಗನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ಎಷ್ಟೋ ಊರುಗಳ ಜಮೀನು ಪೇಟೆಯ ಸಾಹುಕಾರರ ಹೆಸರಿಗೆ ಹೋಯಿತು. ರೈತ ಅದೇ ಹೊಲದಲ್ಲೇ ಉಳುತ್ತಿದ್ದ. ಕಾಗದದಲ್ಲಿ ಮಾತ್ರ ಬೈರೂತಿನ ಸುರ್ಸೋಕ್ ಮನೆತನದ ಒಕ್ಕಲಾಗಿದ್ದ.

ಸುರ್ಸೋಕರು ಜೆಜ್ರೀಲ್ ಕಣಿವೆಯ ಅಲ್-ಫೂಲಾ ಅನ್ನೋ ಊರನ್ನು 1910ರಲ್ಲಿ ಯಹೂದಿ ಸಂಸ್ಥೆಗೆ ಮಾರಿದರು. ಆಗ ನಜರೇತಿನ ಅಧಿಕಾರಿ ಶುಕ್ರಿ ಅಲ್-ಅಸಲಿ. ಅವನೂ ತುರ್ಕ ಸರ್ಕಾರದ ಸಂಬಳ ತಿನ್ನುವ ಅರಬ. ಮೇಲಿನವರ ಆಜ್ಞೆ ಬಂದರೂ ಪತ್ರ ಹಸ್ತಾಂತರ ಮಾಡಲ್ಲ ಅಂತ ಹಟ ಹಿಡಿದ. ಆ ಊರಿನಲ್ಲಿ ಹಳೇ ಕೋಟೆಯ ಅವಶೇಷ ಇತ್ತು. ಅದನ್ನೇ ಮುಂದಿಟ್ಟುಕೊಂಡು ಕ್ರುಸೇಡರನ್ನು ಸೋಲಿಸಿದ ಸುಲ್ತಾನ ಸಲಾದೀನನ ಹೆಸರಿನಲ್ಲಿ ಪತ್ರಿಕೆಗೆ ಬರೆದ. ಏನೂ ನಡೆಯಲಿಲ್ಲ. ಒಕ್ಕಲು ಜಾಗ ಬಿಟ್ಟು ಎದ್ದು ಹೋಯಿತು, ಮೆರ್ಹಾವಿಯಾ ಅನ್ನೋ ಯಹೂದಿ ಊರು ಬಂತು. ಅಸಲಿ ಮುಂದೆ ತುರ್ಕರ ಪಾರ್ಲಿಮೆಂಟಿಗೆ ಗೆದ್ದು ಹೋಗಿ ಅಲ್ಲೂ ಇದೇ ಮಾತು ಎತ್ತಿದ. 1916ರಲ್ಲಿ ತುರ್ಕರು ಅವನನ್ನು ಬೇರೆ ಆರೋಪ ಹೊರಿಸಿ ಗಲ್ಲಿಗೆ ಹಾಕಿದರು. ನೋಡಿ, ಬಾಲ್ಫರ್ ಪತ್ರಕ್ಕೆ ಏಳು ವರ್ಷ ಮೊದಲಿನ ಕಥೆ ಇದು.

ಹೊಲ ಮಾರಾಟ ಆಗೋದು ಅಲ್ಲಿ ಹೊಸದಲ್ಲ. ಮೊದಲೆಲ್ಲ ಒಡೆಯ ಬದಲಾದರೂ ಒಕ್ಕಲು ಬದಲಾಗುತ್ತಿರಲಿಲ್ಲ. ಹೊಸ ಒಡೆಯನಿಗೂ ಗೇಣಿ ಬೇಕಿತ್ತು, ಆಳು ಬೇಕಿತ್ತು. 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿಯ ನಿಯಮ ಬೇರೆ. ಕೊಂಡ ಭೂಮಿಯನ್ನು ಯಾವತ್ತೂ ಮಾರುವಂತಿಲ್ಲ, ಯಹೂದಿಗಳಿಗೆ ಗುತ್ತಿಗೆ ಕೊಡಬಹುದು ಅಷ್ಟೇ. ಕೆಲಸವೂ ಯಹೂದಿ ಕೈಯಿಂದಲೇ ಆಗಬೇಕು. ಬಂದವರ ಲೆಕ್ಕದಲ್ಲಿ ಅದು ಒಳ್ಳೆಯ ಆದರ್ಶ. ಯುರೋಪಿನಲ್ಲಿ ಎಷ್ಟೋ ಕಡೆ ಅವರಿಗೆ ಜಮೀನು ಹೊಂದೋಕೇ ಬಿಟ್ಟಿರಲಿಲ್ಲ. "ನಾವೂ ಮಣ್ಣು ಅಗೆದು ಬದುಕುತ್ತೇವೆ, ಬೇರೆಯವರ ಬೆವರಿನ ಮೇಲೆ ಕೂರಲ್ಲ" ಅಂತ. ಒಕ್ಕಲಿಗೆ ಅದು ಹೇಗೆ ಕಂಡಿತು? ಈ ಒಡೆಯನಿಗೆ ಗೇಣಿಯೂ ಬೇಡ, ಆಳೂ ಬೇಡ, ನೀನು ಎದ್ದು ಹೋಗು. ಕೈಗೆ ಸ್ವಲ್ಪ ದುಡ್ಡು ಕೊಟ್ಟರು ನಿಜ. ದುಡ್ಡು ಖರ್ಚಾದ ಮೇಲೆ ಅವನು ಹೈಫಾದ ಬಂದರಿಗೆ ಮೂಟೆ ಹೊರೋಕೆ ಬಂದ.

ಚಿಕ್ಕಪ್ಪ ಹೇಳೋದು ಇಲ್ಲಿಯವರೆಗೆ ಸರಿ. ಕೊಂಡಿದ್ದು ನಿಜ, ಪತ್ರವೂ ಇದೆ. ಮಾರಿದವರಲ್ಲಿ ಹೊರಗಿನವರು ಮಾತ್ರ ಅಲ್ಲ, ಪ್ಯಾಲೆಸ್ಟೀನಿನ ದೊಡ್ಡ ಮನೆತನಗಳೂ ಇದ್ದವು. ಹಗಲು ಭಾಷಣ, ರಾತ್ರಿ ಸಹಿ. ಆದರೆ ಹೀಗೆ ಕೊಂಡಿದ್ದೆಲ್ಲ ಸೇರಿಸಿದರೂ 1947ರ ಹೊತ್ತಿಗೆ ಇಡೀ ನಾಡಿನ ಶೇಕಡಾ 7ರಷ್ಟು. ಉಳಿದಿದ್ದು ಪತ್ರದಿಂದ ಬಂದಿದ್ದಲ್ಲ, ಇಸ್ರೇಲ್ ಹುಟ್ಟಿದ 1948ರ ಯುದ್ಧದಿಂದ ಬಂದಿದ್ದು.

ಅದನ್ನು ಹೈಫಾದಲ್ಲೇ ನೋಡಬಹುದು. 1947ರ ಡಿಸೆಂಬರ್ 30ರಂದು ಅಲ್ಲಿಯ ತೈಲ ಸಂಸ್ಕರಣಾ ಘಟಕದ ಗೇಟಿನ ಹತ್ತಿರ ಕೂಲಿಗೆ ಅಂತ ಅರಬರು ಸಾಲಾಗಿ ನಿಂತಿದ್ದರು. ಇರ್ಗುನ್ ಅನ್ನೋ ಯಹೂದಿ ಸಶಸ್ತ್ರ ಗುಂಪಿನವರು ಬಾಂಬ್ ಎಸೆದು 6 ಜನರನ್ನು ಕೊಂದರು. ಸ್ವಲ್ಪ ಹೊತ್ತಿಗೆ ಒಳಗಿದ್ದ ಅರಬ್ ಕೆಲಸಗಾರರು ತಮ್ಮ ಜೊತೆ ದಿನಾ ದುಡಿಯುತ್ತಿದ್ದ 39 ಯಹೂದಿಗಳನ್ನು ಕೊಂದರು. ಮರುದಿನ ರಾತ್ರಿ ಯಹೂದಿಗಳ ಮುಖ್ಯ ಸಶಸ್ತ್ರ ಪಡೆ ಹಗಾನಾದವರು ಪಕ್ಕದ ಬಲದ್ ಅಲ್-ಶೇಖ್ ಊರಿಗೆ ನುಗ್ಗಿ ಹತ್ತಾರು ಜನರನ್ನು ಕೊಂದರು. ಮೂರು ದಿನವೂ ಆಗಿರಲಿಲ್ಲ. 1948ರ ಏಪ್ರಿಲ್ 21ಕ್ಕೆ ಬ್ರಿಟಿಷ್ ಸೈನ್ಯ ಊರಿನ ನಡುವಿನಿಂದ ಹಿಂದೆ ಸರಿಯಿತು. 22ಕ್ಕೆ ಊರು ಹಗಾನಾ ಕೈಯಲ್ಲಿ. ಮೇಲಿನ ಗುಡ್ಡದಿಂದ ಮಾರ್ಟರ್ ಬೀಳುತ್ತಿತ್ತು, ಜನ ಬಂದರಿಗೆ ಓಡಿದರು, ದೋಣಿ ಹತ್ತಿ ಅಕ್ಕಾ ಅನ್ನೋ ಊರಿಗೆ, ಲೆಬನಾನಿಗೆ ಹೋದರು. ಯಹೂದಿ ಮೇಯರ್ ಶಬ್ತಾಯ್ ಲೇವಿ "ಹೋಗಬೇಡಿ" ಅಂತ ಬೇಡಿಕೊಂಡ. ಅದೂ ನಿಜ, ಮಾರ್ಟರೂ ನಿಜ. ಅರವತ್ತು ಸಾವಿರಕ್ಕೂ ಜಾಸ್ತಿ ಅರಬರಿದ್ದ ಊರಿನಲ್ಲಿ ಉಳಿದವರು ಮೂರು ನಾಲ್ಕು ಸಾವಿರ. ಅವರನ್ನೂ ಹೆಚ್ಚಾಗಿ ವಾದಿ ನಿಸ್ನಾಸ್ ಅನ್ನೋ ಒಂದೇ ಕೇರಿಗೆ ತಂದು ಕೂರಿಸಿದರು.

ನಾವು ತರಕಾರಿ ತರುತ್ತಿದ್ದಿದ್ದು ಆ ಕೇರಿಯಿಂದಲೇ. ಅಂಗಡಿಯವರಿಗೆ ಅರವತ್ತು ದಾಟಿತ್ತು. ಅಜ್ಜಿಯ ಬಾಗ್ದಾದ್ ಅರಬ್ಬಿ ಕೇಳಿ ನಗುತ್ತಿದ್ದರು, ಅಜ್ಜಿ ಅವರ ಸೌತೆಕಾಯಿ ನೋಡಿ ಬೈಯುತ್ತಿದ್ದರು. ಅವರಪ್ಪನ ಮನೆ ಇದ್ದಿದ್ದು ವಾದಿ ಸಾಲಿಬ್‌ನಲ್ಲಿ, ನಡೆದರೆ ಹದಿನೈದು ನಿಮಿಷ. ಕಲ್ಲಿನ ಮನೆ, ಕಮಾನಿನ ಕಿಟಕಿ. ನಾನು ನೋಡಿದಾಗ ಬಾಗಿಲು ಕಿಟಕಿಗಳಿಗೆಲ್ಲ ಸಿಮೆಂಟ್ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. 1950ರಲ್ಲಿ "ಗೈರುಹಾಜರಾದವರ ಆಸ್ತಿ" ಕಾನೂನು ಬಂತು. ಯುದ್ಧದಲ್ಲಿ ಜಾಗ ಬಿಟ್ಟವರ ಆಸ್ತಿ ಸರ್ಕಾರದ ಪಾಲಕನಿಗೆ. ದೇಶ ಬಿಡದೆ ಪಕ್ಕದ ಊರಿಗೆ ಹೋದವರೂ ಎಷ್ಟೋ ಜನ ಅದರಲ್ಲಿ ಸಿಕ್ಕಿಬಿದ್ದರು. ಅವರಿಗೆ ಹೀಬ್ರೂನಲ್ಲಿ ಒಂದು ಹೆಸರೇ ಇದೆ: "ಹಾಜರಿರುವ ಗೈರುಹಾಜರು". ತಮಾಷೆ ಅಲ್ಲ, ಕಚೇರಿಯಲ್ಲಿ ಹಾಗೇ ಅಂತಾರೆ. ಅವರ ಹತ್ತಿರವೂ ತುರ್ಕರ ಕಾಲದ, ಬ್ರಿಟಿಷರ ಕಾಲದ ಪತ್ರ ಇತ್ತು. ಆ ಪತ್ರ ನಡೆಯಲಿಲ್ಲ. ನಿಮ್ಮ ಅಕ್ಕ ಇಲ್ಲಿ ಸರಿ.

ಈಗ ಅಜ್ಜಿಯ ಕಥೆ, ಇದನ್ನು ಯಾರೂ ಹೇಳಲ್ಲ. 1941ರ ಜೂನ್ 1ಕ್ಕೆ ಬಾಗ್ದಾದಿನಲ್ಲಿ ಯಹೂದಿಗಳ ಮೇಲೆ ದಾಳಿ ಆಯಿತು, ಎರಡು ದಿನ ನಡೆಯಿತು. "ಫರ್ಹೂದ್" ಅಂತಾರೆ. ಅಜ್ಜಿಗೆ ಏಳು ವರ್ಷ. ಪಕ್ಕದ ಮನೆಯ ಮುಸ್ಲಿಂ ಹೆಂಗಸು ಇವರನ್ನೆಲ್ಲ ಮಹಡಿಯ ಮೇಲಿಂದ ತನ್ನ ಮನೆಗೆ ದಾಟಿಸಿಕೊಂಡು ಬಾಗಿಲಲ್ಲಿ ಕೂತಳಂತೆ. 1950ರಲ್ಲಿ ಇರಾಕ್ ಸರ್ಕಾರ, ಹೋಗುವವರು ಪೌರತ್ವ ಬಿಟ್ಟು ಹೋಗಿ ಅಂದಿತು. ಹೆಸರು ಬರೆಸಿದ ಮೇಲೆ, 1951ರಲ್ಲಿ, ಅವರ ಆಸ್ತಿಯನ್ನೂ ಹಿಡಿದಿಟ್ಟುಕೊಂಡಿತು. ಒಂದು ಲಕ್ಷದ ಮೇಲೆ ಜನ ವಿಮಾನ ಹತ್ತಿದರು. ಇಳಿದ ಕೂಡಲೇ ಮೈಮೇಲೆ ಡಿಡಿಟಿ ಪುಡಿ ಹೊಡೆದರು. ಹದಿನೇಳು ವರ್ಷದ ಹುಡುಗಿ, ಬಾಗ್ದಾದಿನಿಂದ ಒಳ್ಳೇ ಫ್ರಾಕ್ ಹಾಕಿಕೊಂಡು ಬಂದಿದ್ದಳು. ಅದನ್ನು ಹೇಳುವಾಗ ಎಂಬತ್ತು ದಾಟಿದ ಅಜ್ಜಿ ತೋಳು ಒರೆಸಿಕೊಳ್ಳುತ್ತಿದ್ದರು.

ಎರಡು ಚಳಿಗಾಲ ಟೆಂಟಿನಲ್ಲಿ. ಆಮೇಲೆ ಹೈಫಾದ ಕೆಳಪೇಟೆಯಲ್ಲಿ ಒಂದು ಕೋಣೆ ಸಿಕ್ಕಿತು. ಅರಬರು ಬಿಟ್ಟು ಹೋದ ಮನೆ, ಕೋಣೆಗೊಂದು ಸಂಸಾರ. ಗೋಡೆ ಬೀರುವಿನ ಮೇಲಿನ ಹಲಗೆಗೆ 1948ರ ಅರಬ್ಬಿ ಪತ್ರಿಕೆ ಹಾಸಿತ್ತು, ಎಟುಕದ ಜಾಗ ಅಂತ ಯಾರೂ ತೆಗೆದಿರಲಿಲ್ಲ. ಅಜ್ಜಿಯ ಅಪ್ಪ ಬಾಗ್ದಾದಿನಲ್ಲಿ ರೈಲ್ವೆ ಗುಮಾಸ್ತರು. ಹೀಬ್ರೂ ಓದೋಕೆ ಬರದು. ಸಂಜೆ ಕೂಲಿಯಿಂದ ಬಂದು ಆ ಪತ್ರಿಕೆಯನ್ನೇ ಓದೋರಂತೆ. ಕಿತ್ತಳೆ ದರ, ಯಾವುದೋ ಟಾಕೀಸಿನ ಜಾಹೀರಾತು, ಯಾರದೋ ಮದುವೆ. ತಿಂಗಳುಗಟ್ಟಲೆ ಅದೇ ಹಾಳೆ.

ಕೊಂಡಿದ್ದಾ ಕಿತ್ಕೊಂಡಿದ್ದಾ ಅಂತ ಆ ಮನುಷ್ಯನನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ.

ಹಳೇ_ಪುಸ್ತಕ

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡು ಕಡೆ ತಡೆಯುತ್ತೇನೆ.

ಒಂದು, ಆ ಶೇಕಡಾ 7. ಅದನ್ನು ಕೇಳಿದವರು ಉಳಿದ 93 ಅರಬ್ ರೈತರ ಹೆಸರಿನಲ್ಲಿತ್ತು ಅಂದುಕೊಳ್ಳುತ್ತಾರೆ. ಹಾಗಲ್ಲ. ದೊಡ್ಡ ಪಾಲು ಸರ್ಕಾರದ್ದು, ದಾಖಲೆಯೇ ಇಲ್ಲದ್ದು. ದಕ್ಷಿಣದ ನೆಗೆವ್ ಮರುಭೂಮಿಯೇ ನಾಡಿನ ಅರ್ಧದ ಹತ್ತಿರ. ಅಲ್ಲಿ ಬೆದುವಿನರು ದನ ಕುರಿ ಮೇಯಿಸುತ್ತಿದ್ದರು, ಬಿತ್ತುತ್ತಿದ್ದರು, ತಾಪು ಮಾಡಿಸಿರಲಿಲ್ಲ.

ಎರಡು, ನೀವು 1929 ಬಿಟ್ಟಿರಿ. ಜೆರುಸಲೇಮಿನಲ್ಲಿ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆಯ ವಿಷಯಕ್ಕೆ ಹತ್ತಿದ ಬೆಂಕಿ. ಹೆಬ್ರಾನಿನಲ್ಲಿ 67 ಯಹೂದಿಗಳನ್ನು ಕೊಂದರು. ಅವರು ಜಮೀನು ಕೊಳ್ಳೋಕೆ ಬಂದವರಲ್ಲ, ಬಹಳಷ್ಟು ಜನ ಹಳೇ ನೆರೆಹೊರೆಯವರು, ಯಹೂದಿ ಧರ್ಮಗ್ರಂಥ ಓದುವ ಹುಡುಗರು. ಎಷ್ಟೋ ಜನರನ್ನು ಅರಬ್ ಮನೆಗಳೇ ಬಚ್ಚಿಟ್ಟು ಉಳಿಸಿದವು, ಅದೂ ಸೇರಲಿ. ಅವತ್ತಿನಿಂದ ಹಳೇ ಯಹೂದಿಗಳೂ ಹೊಸಬರ ಪಾಳೆಯದ ಕಡೆ ಸರಿದರು. ಜಮೀನು, ಜಮೀನು ಅಂತ ಧರ್ಮವನ್ನು ಪೂರ್ತಿ ಬದಿಗಿಡೋಕೆ ಆಗಲ್ಲ.

ಇನ್ನೂ ಒಂದು ಇದೆ. 1922ರ ಜನಗಣತಿಯಲ್ಲಿ ಯಹೂದಿಗಳು ಶೇಕಡಾ 11. 1947ಕ್ಕೆ ಮೂರನೇ ಒಂದು ಪಾಲು. ಯಾಕೆ ಬಂದರು? 1924ರಲ್ಲಿ ಅಮೆರಿಕ ಬಾಗಿಲು ಹಾಕಿತು, 1933ರಲ್ಲಿ ಹಿಟ್ಲರ್ ಬಂದ. 1938ರಲ್ಲಿ ಯಹೂದಿ ನಿರಾಶ್ರಿತರ ವಿಷಯಕ್ಕೆ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶ ಸೇರಿ, ಪಾಪ ಅಂದು, ಎದ್ದು ಹೋದವು. 1939ರಲ್ಲಿ ಬ್ರಿಟಿಷರೂ ಐದು ವರ್ಷಕ್ಕೆ 75 ಸಾವಿರ ಜನ ಸಾಕು ಅಂದರು. ಇನ್ನೆಲ್ಲಿ ಹೋಗಬೇಕಿತ್ತು? ನಾಡನ್ನು ಅರಬರಿಗೂ ಯಹೂದಿಗಳಿಗೂ ಪಾಲು ಮಾಡೋಣ ಅಂದಾಗ, 1937ರಲ್ಲೂ 1947ರಲ್ಲೂ, ಬೇಡ ಅಂದಿದ್ದು ಅರಬ್ ನಾಯಕರು.

ಕಾರ್ಮೆಲ್_ಗುಡ್ಡ

ಹೆಬ್ರಾನ್ ಬಿಟ್ಟಿದ್ದು ನನ್ನ ತಪ್ಪು. ನೆಗೆವ್ ಮಾತೂ ಒಪ್ಪಿದೆ.

ಪಾಲು ಬೇಡ ಅಂದಿದ್ದರ ಬಗ್ಗೆ ಮಾತ್ರ ಒಂದು ಮಾತು. 1947ರ ನವೆಂಬರ್ 29ಕ್ಕೆ ವಿಶ್ವಸಂಸ್ಥೆಯಲ್ಲಿ ಪಾಲಿನ ಮೇಲೆ ಆದ ಮತದಲ್ಲಿ 33 ಪರ, 13 ವಿರೋಧ, 10 ತಟಸ್ಥ. ಭಾರತ ವಿರೋಧ ಹಾಕಿತ್ತು. ಮೂರನೇ ಒಂದು ಪಾಲು ಜನಕ್ಕೆ ಅರ್ಧಕ್ಕಿಂತ ಜಾಸ್ತಿ ನೆಲ. ಆ ಯಹೂದಿ ಪಾಲಿನೊಳಗೂ ಹತ್ತಿರ ಹತ್ತಿರ ಅರ್ಧ ಜನ ಅರಬರೇ. ಯುರೋಪಿನವರು ಮಾಡಿದ ಪಾಪಕ್ಕೆ ನಮ್ಮ ಮನೆಯಿಂದ ಪ್ರಾಯಶ್ಚಿತ್ತ ಯಾಕೆ ಅಂತ ಅವರು ಕೇಳಿದ್ದು ಹುಚ್ಚು ಮಾತಲ್ಲ. ಬೇಡ ಅಂದು ಯುದ್ಧಕ್ಕೆ ಇಳಿದಿದ್ದರಿಂದ ಅವರಿಗೆ ಇನ್ನೂ ಕಮ್ಮಿ ಉಳಿಯಿತು, ಅದು ಬೇರೆ ಮಾತು.

ಪತ್ರದ ವಿಷಯಕ್ಕೇ ಬರುತ್ತೇನೆ, ಯಾಕಂದರೆ ಅಜ್ಜಿ ಮಗ ಬಿಸಿಯಾಗುತ್ತಿದ್ದಿದ್ದು ಇಲ್ಲೇ. ಪೂರ್ವ ಜೆರುಸಲೇಮಿನ ಶೇಖ್ ಜರ್ರಾದಲ್ಲಿ ಒಂದು ತುಂಡು ಜಾಗ. ತುರ್ಕರ ಕಾಲದಲ್ಲೇ ಯಹೂದಿ ಸಮುದಾಯ ಕೊಂಡಿದ್ದು. 1948ರಲ್ಲಿ ಆ ಭಾಗ ಜೋರ್ಡಾನ್ ಕೈಗೆ ಹೋಯಿತು, ಅಲ್ಲಿದ್ದ ಯಹೂದಿಗಳು ಓಡಿದರು. 1956ರಲ್ಲಿ ಜೋರ್ಡಾನ್ ಅಲ್ಲಿ 28 ಪ್ಯಾಲೆಸ್ಟೀನಿ ನಿರಾಶ್ರಿತ ಸಂಸಾರಗಳಿಗೆ ಮನೆ ಕಟ್ಟಿಸಿಕೊಟ್ಟಿತು. 1967ರಲ್ಲಿ ಇಸ್ರೇಲ್ ಆ ಭಾಗ ಗೆದ್ದಿತು. 1970ರಲ್ಲಿ ಕಾನೂನು ಬಂತು: ಪೂರ್ವ ಜೆರುಸಲೇಮಿನಲ್ಲಿ 1948ಕ್ಕೆ ಮೊದಲು ಯಹೂದಿಗಳದಾಗಿದ್ದ ಆಸ್ತಿಯನ್ನು ವಾಪಸ್ ಕೇಳಬಹುದು. ಆ ಹಳೇ ಪತ್ರದ ಮೇಲೆ ಕೇಸು ಹಾಕಿ, ಐವತ್ತು ವರ್ಷ ಅಲ್ಲಿದ್ದವರನ್ನು ಎಬ್ಬಿಸೋಕೆ ಹೊರಟರು. 2021ರಲ್ಲಿ ಗಲಾಟೆ ಆಗಿದ್ದು ಇದಕ್ಕೇ.

ಅದೇ ನಿರಾಶ್ರಿತರ ಕೈಯಲ್ಲೂ ಹೈಫಾದ್ದೋ ಯಾಫಾದ್ದೋ ಪತ್ರ ಇದೆ. ಅದಕ್ಕೆ 1970ರ ಕಾನೂನು ಇಲ್ಲ, 1950ರ ಕಾನೂನು ಇದೆ. ಮಗ ತಟ್ಟೆಯ ಆಚೆ ಬದಿ ಉಪ್ಪಿನ ಡಬ್ಬಿ, ಈಚೆ ಬದಿ ಮೆಣಸಿನ ಡಬ್ಬಿ ಇಟ್ಟು ತೋರಿಸೋರು: "ಈ ಪತ್ರ ಜೀವಂತ, ಈ ಪತ್ರ ಹೆಣ. ಎರಡಕ್ಕೂ ಒಂದೇ ಮುದ್ರೆ." ಅಜ್ಜಿ ಸುಮ್ನಿರಲ್ಲ. "ಹಾಗಾದ್ರೆ ನನ್ನ ಬಾಗ್ದಾದ್ ಮನೆ ಪತ್ರ ಎಲ್ಲಿಡ್ತೀಯ?" ಅನ್ನೋರು. ಮಗನ ಹತ್ತಿರ ಮೂರನೇ ಡಬ್ಬಿ ಇರುತ್ತಿರಲಿಲ್ಲ.

ಕೋರ್ಟು ಪೂರ್ತಿ ಕಿವುಡು ಅಂತಲ್ಲ. ಉತ್ತರದಲ್ಲಿ ಇಕ್ರಿತ್ ಅಂತ ಕ್ರೈಸ್ತ ಅರಬರ ಊರು. 1948ರಲ್ಲಿ ಸೈನ್ಯ, ಎರಡು ವಾರ ಆಚೆ ಇರಿ ಅಂದಿತು. ಎರಡು ವಾರ ಮುಗಿಯಲೇ ಇಲ್ಲ. 1951ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅವರು ವಾಪಸ್ ಹೋಗಬಹುದು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸೈನ್ಯ ಮನೆಗಳನ್ನು ಸ್ಫೋಟಿಸಿತು. ಚರ್ಚು ಉಳಿದಿದೆ, ಸ್ಮಶಾನ ಉಳಿದಿದೆ. ಸತ್ತವರನ್ನು ಈಗಲೂ ಅಲ್ಲಿಗೇ ತಂದು ಹೂಳುತ್ತಾರೆ. ಬದುಕಿದ್ದಾಗ ಬರೋ ಹಾಗಿಲ್ಲ, ಸತ್ತ ಮೇಲೆ ಬರಬಹುದು.

ಪ್ರಶ್ನೆ_ಮೂಟೆ

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಜೋರಾಗಿ ಓದಿದೆ. ಸುರ್ಸೋಕರ ತನಕ ಚಿಕ್ಕಪ್ಪ ತಲೆ ಆಡಿಸುತ್ತಿದ್ದರು, ಹೈಫಾ ಬಂದಾಗ ಮಜ್ಜಿಗೆ ಕೇಳಿದರು. ಬಾಗ್ದಾದ್ ಬಂದಾಗ ಅಕ್ಕ ಫೋನ್ ಕೆಳಗಿಟ್ಟಳು. ಅಜ್ಜ ಮಾತ್ರ ಒಂದೇ ಪ್ರಶ್ನೆ ಕೇಳಿದರು, ನಿಮಗೆ ಕೇಳು ಅಂದರು: ಆ ಬೀರುವಿನ ಪತ್ರಿಕೆ ಆಮೇಲೆ ಏನಾಯಿತು?

ಕಾರ್ಮೆಲ್_ಗುಡ್ಡ

ನಾನೂ ಅಜ್ಜಿಯನ್ನು ಇದನ್ನೇ ಕೇಳಿದ್ದೆ. ಆ ಕೋಣೆಯ ಕಿಟಕಿಯಲ್ಲಿ ಒಂದು ಗಾಜು ಒಡೆದಿತ್ತಂತೆ, 1948ರಲ್ಲೇ ಒಡೆದಿದ್ದು. ಚಳಿಗಾಲ ಬಂದಾಗ ಅವರಮ್ಮ ಮೈದಾ ಅಂಟು ಮಾಡಿ ಆ ಹಾಳೆಯನ್ನು ಅಲ್ಲಿಗೆ ಅಂಟಿಸಿದರು. ಅಪ್ಪ ಏನೂ ಅನ್ನಲಿಲ್ಲ. ಸಂಜೆ ಬಂದು ಕಿಟಕಿಯ ಹತ್ತಿರ ನಿಂತು ಓದೋಕೆ ಶುರು ಮಾಡಿದರು. ಜನವರಿಯ ಮಳೆಗೆ ಹಾಳೆ ಕರಗಿ ಹೋಯಿತು. ಆಮೇಲೆ ಅಮ್ಮ ಹಲಗೆ ಹೊಡೆಸಿದರು.